ಜಂಗಮವಾಣಿಯೂ ವೃದ್ಧರ ಸ್ಮೃತಿಯೂ

(ಶ್ರೀಮಠದ ಮಹೋತ್ಸವದ ಸಂದರ್ಭದಲ್ಲಿ ಗುಡವಿಯಲ್ಲಿ ಕೂಡಿದ ಭಕ್ತರ ಸಭೆಯಲ್ಲಿ ಮಾಡಿದ ಭಾಷಣ)

ನನ್ನ ಪಾಲಿಗೆ ಬಂದಿರುವ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು. ಇಂತಹ ಸಭೆಗಳಲ್ಲಿ ಧರ್ಮ, ದರ್ಶನ, ಸಾಹಿತ್ಯಗಳ ವಿಷಯವಾಗಿ ವಿದ್ವಾಂಸರು ಮಾತನಾಡುವುದು ವಾಡಿಕೆ. ನಾನು ವಿದ್ವಾಂಸನೂ ಅಲ್ಲ, ವೈದ್ಯನೂ ಅಲ್ಲ. ಇದೇ ಗುಡವಿಯಲ್ಲಿ ಹುಟ್ಟಿ, ಜೀವನೋಪಾಯಕ್ಕಾಗಿ ಊರು ಬಿಟ್ಟು, ಉಪಾಧ್ಯಾಯ ವೃತ್ತಿಯಲ್ಲಿ ಕಾಲ ಕಳೆದು, ಈಗ ನಾನೇ ವೃದ್ಧಾಪ್ಯದ ಹೊಸ್ತಿಲಿನಲ್ಲಿ ನಿಂತಿರುವವನು. ವೃದ್ಧರ ಆರೈಕೆಯ ಮನೆಯೊಂದರಲ್ಲಿ ನನ್ನ ತಾಯಿಯು ಕಳೆದ ಕೊನೆಯ ವರ್ಷಗಳೇ ಈ ವಿಷಯದಲ್ಲಿ ನನಗೆ ಪಾಠಶಾಲೆಯಾದವು. ಆ ಶಾಲೆಯಲ್ಲಿ ನಾನು ತಪ್ಪಿ ಕಲಿತದ್ದನ್ನು ನೀವು ತಪ್ಪದೆ ಕಲಿಯುವಂತಾಗಲಿ ಎಂಬುದಷ್ಟೇ ಈ ಭಾಷಣದ ಉದ್ದೇಶವು.

ಮೊದಲು ಒಂದು ಹೆಸರಿನಿಂದ ಆರಂಭಿಸುವೆನು. ಕೈಯಲ್ಲಿ ಹಿಡಿದು ತಿರುಗುವ ಮೊಬೈಲ್ ಫೋನು ನಮ್ಮ ನಾಡಿಗೆ ಬಂದಾಗ ಕನ್ನಡಿಗರು ಅದನ್ನು ಚರವಾಣಿಯೆಂದೂ ಜಂಗಮವಾಣಿಯೆಂದೂ ಕರೆದರು. ಒಂದೆಡೆ ನಿಲ್ಲದೆ ಸಂಚರಿಸುವುದೆಂಬ ಅರ್ಥದಲ್ಲಿ ಆ ಹೆಸರು ಒಪ್ಪತಕ್ಕದ್ದೇ ಸರಿ. ಆದರೆ ನಮ್ಮ ಮನೆಗಳಲ್ಲಿ ಜಂಗಮನೆಂಬ ಮಾತಿಗೆ ಬೇರೊಂದು ಅರ್ಥವೂ ಉಂಟು. ಜಂಗಮನೆಂದರೆ ನಡೆದು ಮನೆಯ ಬಾಗಿಲಿಗೆ ಬರುವವನು. ಬಂದು ಕುಳಿತು, ಮನೆಯವರ ಸುಖದುಃಖಗಳನ್ನು ವಿಚಾರಿಸಿ, ಪ್ರಸಾದವನ್ನು ಸ್ವೀಕರಿಸಿ ಹೋಗುವವನು. ಅವನ ವಾಣಿಯು ಮಾತ್ರ ಬಂದು ಅವನು ಬಾರದಿದ್ದರೆ ನಮ್ಮ ಹಿರಿಯರು ಅದನ್ನು ಜಂಗಮನ ಆಗಮನವೆಂದು ಎಣಿಸುತ್ತಿರಲಿಲ್ಲ. ಹಾಗಾದರೆ, ಮರೆವಿನಲ್ಲಿ ಮುಳುಗುತ್ತಿರುವ ವೃದ್ಧರ ಬಳಿಗೆ ನಮ್ಮ ವಾಣಿಯು ಹೋಗಿ ನಾವು ಹೋಗದಿದ್ದರೆ ಏನಾಗುವುದು? ಇದೇ ನಾನು ಎತ್ತಿಕೊಂಡಿರುವ ಪ್ರಶ್ನೆಯು.

ಹಿಂದೆ ನಮ್ಮ ಸೊರಬ, ಶಿಕಾರಿಪುರ ಸೀಮೆಗಳಲ್ಲಿ ಮುಪ್ಪಾದವರು ಮನೆಯ ಜಗಲಿಯ ಮೇಲೆಯೇ ಕುಳಿತು, ಅಡಕೆ ಸುಲಿಯುತ್ತಾ, ಮೊಮ್ಮಕ್ಕಳನ್ನು ಗದರಿಸುತ್ತಾ ದಿನಗಳನ್ನು ನೂಕುತ್ತಿದ್ದರು. ಅಜ್ಜಿಯು ಒಂದು ಹೆಸರನ್ನು ಮರೆತರೆ ಹತ್ತು ಬಾಯಿಗಳು ಅದನ್ನು ಜ್ಞಾಪಿಸುತ್ತಿದ್ದವು. ಈಗ ಆ ಹತ್ತು ಬಾಯಿಗಳು ಬೆಂಗಳೂರಿನಲ್ಲಿಯೂ ಪುಣೆಯಲ್ಲಿಯೂ ಕಡಲಾಚೆಯ ದೇಶಗಳಲ್ಲಿಯೂ ಹಂಚಿಹೋಗಿವೆ. ಹೀಗಿರಲು, ವೃದ್ಧರ ಮನೆಗಳು ಹುಟ್ಟಿಕೊಂಡದ್ದು ಆಶ್ಚರ್ಯವಲ್ಲ. ತಂದೆತಾಯಿಗಳನ್ನು ಅಂತಹ ಮನೆಗೆ ಸೇರಿಸಿದವರೆಲ್ಲರೂ ಕೃತಘ್ನರೆಂದು ಹೇಳುವವರ ಗುಂಪಿನಲ್ಲಿ ನಾನಿಲ್ಲ. ರಾತ್ರಿಯೆಲ್ಲ ಎದ್ದು ಬಾಗಿಲು ತೆಗೆದು ಹೊರಟುಹೋಗುವ ವೃದ್ಧೆಯನ್ನು, ಗಂಡಹೆಂಡಿರಿಬ್ಬರೂ ದುಡಿಯಲು ಹೋಗುವ ಚಿಕ್ಕ ಮನೆಯಲ್ಲಿ ಕಾಯುವುದು ಎಷ್ಟು ಕಷ್ಟವೆಂಬುದನ್ನು ಅನುಭವಿಸಿದವರೇ ಬಲ್ಲರು. ತಂದೆತಾಯಿಗಳ ಪೋಷಣೆಯು ಮಕ್ಕಳ ಹೊಣೆಯೆಂದು 2007ನೆಯ ಇಸವಿಯ ಕಾಯಿದೆಯು ವಿಧಿಸಿದೆ. ನಿರ್ಗತಿಕರಾದ ವೃದ್ಧರಿಗಾಗಿ ಜಿಲ್ಲೆಗೊಂದಾದರೂ, ಕನಿಷ್ಠ 150 ಮಂದಿಗೆ ಸ್ಥಳವಿರುವಂತಹ ಮನೆಯನ್ನು ಸರ್ಕಾರಗಳು ಸ್ಥಾಪಿಸಬಹುದೆಂದೂ ಅದೇ ಕಾಯಿದೆಯಲ್ಲಿ ಹೇಳಿದೆ. ಎಂದರೆ, ಮಗನ ಹೊಣೆಯನ್ನೂ ಸಮಾಜದ ಹೊಣೆಯನ್ನೂ ಕಾನೂನು ಒಟ್ಟಿಗೇ ಕಂಡಿದೆ.

ಇದು ನಮ್ಮ ಸೀಮೆಗೆ ಹೊಸ ಮಾತೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖ ಪರಂಪರೆಯ ಕೋಡಿಯ ಮಠವೆಂಬುದೊಂದಿತ್ತು. 1162ನೆಯ ಇಸವಿಯ ಶಾಸನವೊಂದು ಆ ಮಠವನ್ನು ವರ್ಣಿಸುವಾಗ, ಅದು ಶಾಸ್ತ್ರಾಭ್ಯಾಸದ ಸ್ಥಾನವೆಂದು ಹೇಳಿ ನಿಲ್ಲುವುದಿಲ್ಲ; ದೀನರಿಗೂ ಅನಾಥರಿಗೂ ಕುರುಡರಿಗೂ ಕಿವುಡರಿಗೂ ಅನ್ನ ದೊರೆಯುವ ಸ್ಥಾನವೆಂದೂ, ರೋಗಪೀಡಿತರಿಗೆ ಚಿಕಿತ್ಸೆ ನಡೆಯುವ ಸ್ಥಾನವೆಂದೂ ಹೇಳುತ್ತದೆ. ಎಂಟುನೂರು ವರ್ಷಗಳಿಗೂ ಹಿಂದೆ ಅಶಕ್ತರ ಆರೈಕೆಯು ಮಠದ ಕಾರ್ಯವೆಂದು ಕಲ್ಲಿನ ಮೇಲೆ ಬರೆದ ನೆಲವಿದು. ಆದಕಾರಣ, ಮಠದ ಸಂಚಿಕೆಯಲ್ಲಿ ಈ ವಿಷಯಕ್ಕೆ ಸ್ಥಳವಿರುವುದು ಉಚಿತವೆಂದು ಭಾವಿಸುವೆನು.

ಇನ್ನು ಮರೆವಿನ ಸ್ವರೂಪವನ್ನು ನೋಡೋಣ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾವೆಲ್ಲರೂ ಕೇಳಿರುವೆವು. ಆ ಗಾದೆಯು ನಮ್ಮನ್ನು ನಗಿಸಿದಷ್ಟೇ ಕೆಡಿಸಿಯೂ ಇದೆ. ಏಕೆಂದರೆ ಮರೆವನ್ನು ವಯಸ್ಸಿನ ಸಹಜ ಧರ್ಮವೆಂದು ಎಣಿಸಿ ನಾವು ವೈದ್ಯರ ಬಳಿಗೆ ಹೋಗುವುದೇ ಇಲ್ಲ. ಕನ್ನಡಕವನ್ನು ಎಲ್ಲಿಟ್ಟೆನೆಂದು ಹುಡುಕುವುದು ವಯಸ್ಸಿನ ಮರೆವು. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದೇನೆಂದು ಕೇಳುವುದು ರೋಗ. ಜರ್ಮನಿಯ ವೈದ್ಯನಾದ ಆಲ್ಝೈಮರನು 1906ರಲ್ಲಿ ಇಂತಹ ರೋಗವೊಂದನ್ನು ವೈದ್ಯರ ಸಭೆಯ ಮುಂದೆ ವರ್ಣಿಸಿದನು. ಮರೆಗುಳಿತನವನ್ನುಂಟುಮಾಡುವ ರೋಗಗಳಲ್ಲಿ ಅವನ ಹೆಸರಿನದೇ ಹೆಚ್ಚು ಸಾಮಾನ್ಯವಾದುದು. ನಮ್ಮ ದೇಶದಲ್ಲಿ 60 ವರ್ಷ ಮೀರಿದವರ ಪೈಕಿ ಶೇಕಡಾ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಈ ಮರೆಗುಳಿತನವಿರುವುದೆಂದು 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದು ಅಂದಾಜು ಮಾಡಿದೆ. ಪೇಟೆಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚೆಂದು ಅದೇ ಸಮೀಕ್ಷೆಯು ಹೇಳುತ್ತದೆ. ಇದರ ಮೂಲವನ್ನು ತಿಳಿಯಬೇಕೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ವರ್ಷ ಮೀರಿದವರನ್ನು ವರ್ಷವರ್ಷವೂ ಪರೀಕ್ಷಿಸುವ ದೀರ್ಘವಾದ ಅಧ್ಯಯನವನ್ನು ಕೈಗೊಂಡಿದ್ದಾರೆ.

ಮರೆತವರೆಲ್ಲರೂ ಈ ರೋಗದವರಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ, ಮನಸ್ಸಿನ ಖಿನ್ನತೆಯಿಂದಲೂ, ಬಿ12 ಎಂಬ ಜೀವಸತ್ತ್ವದ ಕೊರತೆಯಿಂದಲೂ ಮರೆವು ಬರುವುದುಂಟು. ಬಿ12 ಮುಖ್ಯವಾಗಿ ಪ್ರಾಣಿಜನ್ಯವಾದ ಆಹಾರದಲ್ಲಿಯೇ ಇರುವುದರಿಂದ, ಹಾಲುಮೊಸರನ್ನೂ ಕಡಿಮೆ ಮಾಡಿಬಿಟ್ಟ ನಮ್ಮ ಸಸ್ಯಾಹಾರಿ ವೃದ್ಧರು ಈ ಕೊರತೆಗೆ ಸುಲಭವಾಗಿ ಗುರಿಯಾಗುವರು. ಒಂದು ರಕ್ತಪರೀಕ್ಷೆಯಿಂದ ತಿಳಿಯತಕ್ಕ, ಔಷಧದಿಂದ ತಿದ್ದತಕ್ಕ ದೋಷವನ್ನು ಗಾದೆಯ ಪಾಲಿಗೆ ಬಿಡುವುದು ಧರ್ಮವಲ್ಲ.

ಮರೆಗುಳಿತನದಲ್ಲಿ ಸ್ಮೃತಿಯು ಒಮ್ಮೆಗೇ ಅಳಿಸಿಹೋಗುವುದಿಲ್ಲ. ಮನೆಯ ಗೋಡೆಯ ಹೊಸ ಸುಣ್ಣವು ಮೊದಲು ಉದುರಿ ಹಳೆಯ ಗಾರೆಯು ಉಳಿಯುವಂತೆ, ಹೊಸ ಸಂಗತಿಗಳು ಮೊದಲು ಹೋಗುವುವು, ಹಳೆಯವು ಬಹುಕಾಲ ನಿಲ್ಲುವುವು. ಬೆಳಗಿನ ಉಪಾಹಾರವು ನೆನಪಿಲ್ಲದವರಿಗೆ ಹತ್ತನೆಯ ವಯಸ್ಸಿನ ಜಾತ್ರೆಯು ನೆನಪಿರುವುದು. ಅದಕ್ಕಿಂತಲೂ ಆಳದಲ್ಲಿರುವುದು ಕೈಯ ಸ್ಮೃತಿ. ಹೆಸರುಗಳನ್ನು ಹಿಡಿದಿಡುವ ಮೆದುಳಿನ ಭಾಗವು ಬೇರೆ, ಅಭ್ಯಾಸವನ್ನು ಹಿಡಿದಿಡುವ ಭಾಗಗಳು ಬೇರೆ. ಆದ್ದರಿಂದ ಮೊದಲಿನದು ಕೆಟ್ಟ ಮೇಲೂ ಎರಡನೆಯದು ನಡೆಯುತ್ತಿರುವುದು. ನನ್ನ ತಾಯಿಯು ತನ್ನ ಮಕ್ಕಳ ಹೆಸರುಗಳನ್ನು ಮರೆತಿದ್ದ ದಿನಗಳಲ್ಲಿಯೂ, ಕರಡಿಗೆಯನ್ನು ಬಿಚ್ಚಿ, ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿರಿಸಿಕೊಂಡು, ಮೂರು ಬೆರಳುಗಳಿಂದ ವಿಭೂತಿಯನ್ನು ಧರಿಸುವಾಗ ಒಂದು ಬೆರಳೂ ತಪ್ಪುತ್ತಿರಲಿಲ್ಲ. ಇದನ್ನು ಕಂಡ ಯಾರೂ ಈಕೆಯು ಎಲ್ಲವನ್ನೂ ಮರೆತಳೆಂದು ಹೇಳಲಾರರು.

ಇನ್ನು ಯಂತ್ರದ ವಿಚಾರ. ಸ್ಮೃತಿಯ ಸಹಾಯಕ್ಕೆ ಉಪಕರಣವನ್ನು ಕರೆಯುವುದನ್ನು ನಮ್ಮವರು ಎಂದೂ ನಿರಾಕರಿಸಿದವರಲ್ಲ. ತಾಳಗುಂದದಲ್ಲಿ ಕದಂಬರ ವಂಶಚರಿತ್ರೆಯನ್ನು ಕಂಬದ ಮೇಲೆ ಕೆತ್ತಿದುದು ಮರೆಯಬಾರದೆಂಬ ಉದ್ದೇಶದಿಂದಲೇ. ಬಳ್ಳಿಗಾವೆಯ ಅಲ್ಲಮಪ್ರಭುಗಳ, ಉಡುತಡಿಯ ಅಕ್ಕಮಹಾದೇವಿಯವರ ಮಾತುಗಳು ಬಾಯಿಂದ ಬಾಯಿಗೆ ಬಂದು, ತಾಳೆಯ ಗರಿಯನ್ನು ಸೇರಿ, ಮನೆಗಳ ಮಾಡುಗಳಲ್ಲಿಯೂ ಮಠಗಳ ಪೆಟ್ಟಿಗೆಗಳಲ್ಲಿಯೂ ಉಳಿದುವು. ಫ. ಗು. ಹಳಕಟ್ಟಿಯವರು ಅಂತಹ ಕಟ್ಟುಗಳನ್ನು ಅರಸಿ ತಂದು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಮುಂದೆ ವಿಜಯಪುರದಲ್ಲಿ ತಮ್ಮದೇ ಮುದ್ರಣಾಲಯವನ್ನು ಸ್ಥಾಪಿಸಿದರು. ಅಚ್ಚಿನ ಯಂತ್ರವು ಅಂದು ಹೊಸ ಯಂತ್ರವೇ ಆಗಿದ್ದಿತು. ಆದರೆ ಕಲ್ಲಾಗಲಿ, ಗರಿಯಾಗಲಿ, ಅಚ್ಚಾಗಲಿ ತಾನಾಗಿ ನೆನೆಯಲಿಲ್ಲ. ಓದಿ ಹೇಳುವವರೂ ಕುಳಿತು ಕೇಳುವವರೂ ಇದ್ದುದರಿಂದ ಆ ಮಾತುಗಳು ಜೀವಂತವಾಗಿರುವುವು. ಇಂದಿನ ಯಂತ್ರಗಳಿಗೂ ಇದೇ ನ್ಯಾಯವು.

ಆರೈಕೆಯ ಮನೆಯಲ್ಲಿರುವ ವೃದ್ಧರಿಗೆ ಬೇಕಾದ ಯಂತ್ರಗಳಲ್ಲಿ ಮೊದಲನೆಯದು ಜಂಗಮವಾಣಿಯಲ್ಲ, ಕಿವಿಯ ಯಂತ್ರ. ಮರೆಗುಳಿತನಕ್ಕೆ ದಾರಿಮಾಡುವ, ಆದರೆ ಮನುಷ್ಯಪ್ರಯತ್ನದಿಂದ ತಗ್ಗಿಸಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯ ಪಂಡಿತ ಮಂಡಲಿಯು 2024ರಲ್ಲಿ ಎಣಿಸಿತು. ಅವೆಲ್ಲವನ್ನೂ ನಿವಾರಿಸಬಹುದಾದರೆ ರೋಗದ ಶೇಕಡಾ 45 ಭಾಗವನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂದು ಅದರ ಅಂದಾಜು. ಕಿವುಡುತನ, ದೃಷ್ಟಿಮಾಂದ್ಯ, ಏಕಾಂತವಾಸ ಇವು ಮೂರೂ ಆ ಎಣಿಕೆಯಲ್ಲಿವೆ. ಕೇಳಿಸದವರು ಉತ್ತರ ಕೊಡದಿದ್ದರೆ ನಾವು ಮರೆತರೆಂದು ತಿಳಿಯುವೆವು. ಕಿವಿಯ ಯಂತ್ರಕ್ಕೆ ಬ್ಯಾಟರಿ ಹಾಕಿದೆಯೇ, ಕನ್ನಡಕವನ್ನು ಒರೆಸಿದೆಯೇ ಎಂದು ದಿನವೂ ನೋಡುವುದು ಸಣ್ಣ ಕೆಲಸವಾಗಿ ಕಂಡರೂ, ಸ್ಮೃತಿಯ ಸೇವೆಯಲ್ಲಿ ಅದಕ್ಕೇ ಮೊದಲ ಸ್ಥಾನ. ಅದರ ಮೇಲೆ, ವಾರವನ್ನೂ ತಾರೀಖನ್ನೂ ಇದು ಹಗಲೋ ರಾತ್ರಿಯೋ ಎಂಬುದನ್ನೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ತೋರಿಸುವ ಗಡಿಯಾರ.

ಯಂತ್ರವನ್ನು ಕಲಿತು ಬಳಸುವ ವೃದ್ಧರ ಬುದ್ಧಿಯು ಮಂಕಾಗುವುದೋ ಚುರುಕಾಗುವುದೋ ಎಂಬ ವಿಚಾರವೂ ನಡೆದಿದೆ. 57 ಅಧ್ಯಯನಗಳನ್ನೂ, 4 ಲಕ್ಷ 11 ಸಾವಿರಕ್ಕೂ ಮಿಕ್ಕ ಜನರ ವಿವರಗಳನ್ನೂ ಒಟ್ಟುಗೂಡಿಸಿ ಅಮೆರಿಕದ ಇಬ್ಬರು ಪಂಡಿತರು 2025ರಲ್ಲಿ ಪ್ರಕಟಿಸಿದ ಲೇಖನದಂತೆ, ಕಂಪ್ಯೂಟರು, ಮೊಬೈಲು ಮುಂತಾದವನ್ನು ಬಳಸುವ ಹಿರಿಯರಲ್ಲಿ ಬುದ್ಧಿಮಾಂದ್ಯದ ಸಂಭವವು ಶೇಕಡಾ 58ರಷ್ಟು ಕಡಿಮೆಯಾಗಿ ಕಂಡಿದೆ. ಇದರಿಂದ ಯಂತ್ರವೇ ಔಷಧವೆಂದು ಹೇಳಲಾಗದು; ಬುದ್ಧಿಯು ಚೆನ್ನಾಗಿರುವವರೇ ಯಂತ್ರವನ್ನು ಬಳಸುತ್ತಿರಲೂಬಹುದು. ಆದರೂ ಮುದುಕರಿಗೆ ಇದೆಲ್ಲ ಏಕೆಂದು ಅವರ ಕೈಯಿಂದ ಕಿತ್ತುಕೊಳ್ಳುವುದು ತಪ್ಪೆಂಬಷ್ಟನ್ನು ಇದರಿಂದ ಅರಿಯಬಹುದು. ತಾಳ್ಮೆಯಿಂದ ಕಲಿಸುವವರಿದ್ದರೆ ಎಪ್ಪತ್ತರಲ್ಲಿಯೂ ಕಲಿಯುವವರಿದ್ದಾರೆ.

ಇಷ್ಟು ಪೀಠಿಕೆಯ ನಂತರ ನನ್ನ ತಪ್ಪನ್ನು ಹೇಳಿಕೊಳ್ಳುವೆನು.

2019ರಲ್ಲಿ ನನ್ನ ತಾಯಿಯನ್ನು ಆರೈಕೆಯ ಮನೆಗೆ ಸೇರಿಸಿದೆವು. ಅದು ನನ್ನ ಮನೆಯಿಂದ ಎರಡು ಗಂಟೆಯ ಬಸ್ಸಿನ ಹಾದಿ. ಮೊದಲು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆನು. 2020ರಲ್ಲಿ ಕೊರೋನಾ ವ್ಯಾಧಿಯು ಬಂದು ಅಂತಹ ಮನೆಗಳ ಬಾಗಿಲುಗಳೆಲ್ಲ ಮುಚ್ಚಿದಾಗ, ಮುಖ ಕಾಣುವ ಕರೆಯೊಂದೇ ನಮಗೆ ಉಳಿದ ಕಿಟಕಿಯಾಯಿತು. ನಾನು ಒಳ್ಳೆಯ ಟ್ಯಾಬ್ಲೆಟ್ ಒಂದನ್ನು ಕೊಂಡು ಕಳುಹಿಸಿದೆನು. ದಿನವೂ ಸಂಜೆ ಏಳು ಗಂಟೆಗೆ ಕರೆ ಮಾಡುತ್ತಿದ್ದೆನು. ಆ ಕಾಲದಲ್ಲಿ ಅದು ಒಂದು ವರವೇ ಆಗಿದ್ದಿತು, ಅದನ್ನು ಅಲ್ಲಗಳೆಯಲಾರೆನು. ಆದರೆ ಬಾಗಿಲುಗಳು ತೆರೆದ ಮೇಲೂ ನಾನು ಕಿಟಕಿಯಿಂದಲೇ ನೋಡುತ್ತಿದ್ದೆನು. ದಿನವೂ ಮಾತನಾಡುತ್ತಿರುವೆನಲ್ಲ, ವಾರವಾರವೂ ಹೋಗುವುದೇಕೆಂದು ನನ್ನ ಮನಸ್ಸು ನನಗೆ ಸಮಾಧಾನ ಹೇಳಿತು. ವಾರಕ್ಕೊಮ್ಮೆ ಇದ್ದುದು ತಿಂಗಳಿಗೊಮ್ಮೆಯಾಯಿತು, ಆಮೇಲೆ ಹಬ್ಬಕ್ಕೊಮ್ಮೆಯಾಯಿತು.

ಕರೆಯಲ್ಲಿ ನಾನು ಮಾಡುತ್ತಿದ್ದುದಾದರೂ ಏನು? ಉಪಾಧ್ಯಾಯನ ಬುದ್ಧಿಯು ನಿವೃತ್ತಿಯಾದ ಮೇಲೂ ಹೋಗದು. "ಅವ್ವಾ, ನಾನು ಯಾರು ಹೇಳು" ಎಂದು ಮೊದಲನೆಯ ಪ್ರಶ್ನೆ. "ಇವತ್ತು ಯಾವ ವಾರ" ಎಂದು ಎರಡನೆಯದು. ಫೋಟೋ ತೋರಿಸಿ, "ಇದು ಯಾರು, ಇದು ಯಾರು" ಎಂದು ಸಾಲಾಗಿ ಪ್ರಶ್ನೆಗಳು. ಕೇಳುತ್ತಿದ್ದರೆ ನೆನಪು ಉಳಿಯುವುದೆಂದು ನಾನು ನಂಬಿದ್ದೆನು. ಕೆಲವು ತಿಂಗಳುಗಳಾದ ಮೇಲೆ ಆಕೆಯು ಪರದೆಯ ಮುಂದೆ ಕುಳಿತೊಡನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಪರಸ್ಥಳದವರೊಡನೆ ಮಾತನಾಡುವ ಧ್ವನಿಯಲ್ಲಿ, "ತಾವು ಯಾರ ಕಡೆಯವರು" ಎಂದು ಕೇಳತೊಡಗಿದಳು.

2022ರಲ್ಲಿ ಒಂದು ಹಬ್ಬಕ್ಕೆ ಹೋಗಿದ್ದಾಗ, ಅಲ್ಲಿ ಸೇವೆಯಲ್ಲಿದ್ದ ಹಾವೇರಿ ಕಡೆಯ ಹೆಣ್ಣುಮಗಳೊಬ್ಬಳು ನನ್ನನ್ನು ಪಡಸಾಲೆಯ ಮೂಲೆಗೆ ಕರೆದು, "ಅಣ್ಣಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಫೋನ್ ಬಂದ ದಿನ ಅಜ್ಜಿ ರಾತ್ರಿ ಉಣ್ಣಂಗಿಲ್ರಿ. ಯಾರೋ ದೊಡ್ಡವರು ಬಂದು ಕೇಳಿದ್ರು, ನಂಗೆ ಹೇಳಾಕ ಬರಲಿಲ್ಲ ಅಂತ ಅಳ್ತಾರ" ಎಂದಳು.

ಮಹಾಶಯರೇ, ದಿನವೂ ಏಳು ಗಂಟೆಗೆ ನಾನು ನನ್ನ ತಾಯಿಯನ್ನು ಪರೀಕ್ಷೆಗೆ ಕೂಡಿಸಿ, ದಿನವೂ ಆಕೆಯನ್ನು ಅನುತ್ತೀರ್ಣಳನ್ನಾಗಿ ಮಾಡಿ, ಅದಕ್ಕೆ ಸೇವೆಯೆಂದು ಹೆಸರಿಟ್ಟುಕೊಂಡಿದ್ದೆನು. ಹೆಸರು ಮರೆತುಹೋಗಿದ್ದರೂ ನಾಚಿಕೆಯು ಆಕೆಯಲ್ಲಿ ಉಳಿದಿತ್ತು. ಮರೆತವರಿಗೆ ಮಾನಾಪಮಾನಗಳಿಲ್ಲವೆಂದು ಭಾವಿಸುವವರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆ ಬಳಿಕವೇ ನಾನು ಈ ವಿಷಯವನ್ನು ಓದಲು ತೊಡಗಿದುದು. ವೃದ್ಧರು ಹಿಂದಿನದನ್ನು ಮೆಲುಕುಹಾಕುವುದು ಹುಚ್ಚಲ್ಲ, ಜೀವನವನ್ನು ಒಟ್ಟುಗೂಡಿಸಿಕೊಳ್ಳುವ ಸಹಜವಾದ ವ್ಯಾಪಾರವೆಂದು ಅಮೆರಿಕದ ರಾಬರ್ಟ್ ಬಟ್ಲರನು 1963ರಲ್ಲಿಯೇ ಬರೆದಿದ್ದನು. ಸ್ಕಾಟ್ಲೆಂಡಿನ ಡಂಡೀ ಮತ್ತು ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾನಿಲಯಗಳ ಪಂಡಿತರು, ಮುಟ್ಟಿದರೆ ಚಿತ್ರವನ್ನೂ ಹಾಡನ್ನೂ ತೋರುವ ಪರದೆಯೊಂದನ್ನು ಮರೆಗುಳಿತನದವರಿಗಾಗಿಯೇ ರಚಿಸಿದರು. ಅದಕ್ಕೆ ಸರ್ಕಾ ಎಂದು ಹೆಸರು. ಅದರಲ್ಲಿದ್ದವು ಮನೆಯವರ ಫೋಟೋಗಳಲ್ಲ. ಆ ಕಾಲದ ಬೀದಿ, ಅಂಗಡಿ, ಆಟ, ಹಾಡು ಮುಂತಾದ ಎಲ್ಲರಿಗೂ ಸೇರಿದ ಸಂಗತಿಗಳು. ಅಂತಹ ಚಿತ್ರದ ಮುಂದೆ ಸರಿಯುತ್ತರ, ತಪ್ಪುತ್ತರ ಎಂಬುದಿಲ್ಲ. ಯಾರು ಏನನ್ನು ಹೇಳಿದರೂ ಅದು ಮಾತಾಗುವುದು. ಬರಿಯ ಪ್ರಶ್ನೆ ಕೇಳುವ ಪದ್ಧತಿಯಲ್ಲಿ ಆರೈಕೆಯವರೇ ಮಾತನ್ನು ನಡೆಸುತ್ತಿದ್ದರು; ಈ ಪರದೆಯ ಮುಂದೆ ಇಬ್ಬರೂ ಒಟ್ಟಿಗೆ ಕುಳಿತಾಗ ಮಾತು ಸರಿಸಮವಾಗಿ ಹಂಚಿಕೆಯಾಯಿತೆಂದು ಅವರು ಕಂಡರು. ಇಂತಹ ಸ್ಮರಣಚಿಕಿತ್ಸೆಯ ಫಲವು ದೊಡ್ಡದಲ್ಲವೆಂದೂ, ಎಲ್ಲರಲ್ಲಿಯೂ ಒಂದೇ ಸಮನಾಗಿರದೆಂದೂ, ಆದರೂ ಆರೈಕೆಯ ಮನೆಗಳಲ್ಲಿರುವವರ ಬಾಳಿನ ನೆಮ್ಮದಿಗೆ ಅದರಿಂದ ಪ್ರಯೋಜನವಿರಬಹುದೆಂದೂ 2018ರಲ್ಲಿ ಪ್ರಕಟವಾದ, 22 ಅಧ್ಯಯನಗಳ ವಿಮರ್ಶೆಯೊಂದು ಹೇಳುತ್ತದೆ. ರೋಗವು ಇದರಿಂದ ವಾಸಿಯಾಗದು. ದಿನವು ಹಗುರವಾದೀತು. ಆ ಹಗುರವನ್ನು ಸಣ್ಣದೆನ್ನುವವರು ಅದನ್ನು ಅನುಭವಿಸದವರು.

ಆ ವರ್ಷದ ಮಳೆಗಾಲದಲ್ಲಿ ನಾನು ಗುಡವಿಗೆ ಬಂದಿದ್ದೆನು. ಸೊರಬದಿಂದ ಬನವಾಸಿಯ ಕಡೆಗೆ ಸುಮಾರು 16 ಕಿಲೋಮೀಟರು ದೂರದ ಈ ನಮ್ಮ ಊರಿನ ಕೆರೆಯನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ. ಮಳೆ ಹಿಡಿದೊಡನೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಬಂದು, ನೀರಿನಲ್ಲಿ ನಿಂತ ಮರಗಳ ಮೇಲೆ ಗೂಡು ಕಟ್ಟಿ ಗದ್ದಲವೆಬ್ಬಿಸುವುದನ್ನು ನೀವೆಲ್ಲರೂ ಬಲ್ಲಿರಿ. ಈಗ ಅದು ಪಕ್ಷಿಧಾಮ. ನನ್ನ ತಾಯಿಗೆ ಅದು ಹೊಲದ ಹಾದಿಯ ಕೆರೆ. ಏರಿಯ ಮೇಲೆ ಕೊಡೆ ಹಿಡಿದು ನಿಂತು, ಮಳೆಯ ಸದ್ದನ್ನೂ ಹಕ್ಕಿಗಳ ಕಲಕಲವನ್ನೂ ಅರ್ಧ ಗಂಟೆಯ ಕಾಲ ನನ್ನ ಜಂಗಮವಾಣಿಯಲ್ಲಿ ಹಿಡಿದುಕೊಂಡೆನು. ಅದನ್ನು ಕರೆಯ ಮೂಲಕ ಕಳುಹಿಸಲಿಲ್ಲ. ನಾನೇ ತೆಗೆದುಕೊಂಡು ಹೋದೆನು.

ಆಕೆಯ ಮಂಚದ ಮೇಲೆ ಪಕ್ಕದಲ್ಲಿ ಕುಳಿತು, ಏನನ್ನೂ ಕೇಳದೆ, ಆ ಸದ್ದನ್ನು ಹಚ್ಚಿದೆನು. ಬಹಳ ಹೊತ್ತು ಆಕೆಯು ಸುಮ್ಮನಿದ್ದಳು. ಆಮೇಲೆ ಕಾಲುಗಳನ್ನು ಮಡಿಸಿಕೊಂಡು ಕುಳಿತು, "ಮಳೆ ಹಿಡೀತು ಕಾಣ್ತದೆ. ಹುಲ್ಲು ನೆನೀತದೆ, ಒಳಗೆ ಹಾಕು ತಮ್ಮಾ" ಎಂದಳು. ಸ್ವಲ್ಪ ತಡೆದು, "ಬೆಳ್ಳಕ್ಕಿ ಬಂದವಲ್ಲ, ಇನ್ನು ಸಸಿ ನೆಡಬಹುದು" ಎಂದಳು. ತಮ್ಮ ಎಂಬುದು ನನ್ನನ್ನು ಆಕೆಯು ಬಾಲ್ಯದಿಂದ ಕರೆಯುತ್ತಿದ್ದ ರೀತಿ. ನಮ್ಮ ಸೀಮೆಯಲ್ಲಿ ಕಂಡ ಹುಡುಗರನ್ನೆಲ್ಲ ಕರೆಯುವುದೂ ಹಾಗೆಯೇ. ನನ್ನನ್ನು ಗುರುತಿಸಿ ಕರೆದಳೋ, ಎದುರಿಗೆ ಕುಳಿತ ಯಾವನೋ ಒಬ್ಬನೆಂದು ಕರೆದಳೋ ನಾನರಿಯೆನು. ಆದರೆ ಪರಸ್ಥಳದ ದೊಡ್ಡವರಿಗೆ ಹುಲ್ಲು ಹೊರುವ ಕೆಲಸವನ್ನು ಯಾರೂ ಹೇಳುವುದಿಲ್ಲ. ಮನೆಯವನಿಗೇ ಹೇಳುವರು. ನಾನು "ಹಾಕ್ತೀನವ್ವಾ" ಎಂದೆನು. ಅಂದಿನ ರಾತ್ರಿ ಆಕೆಯು ನನ್ನೆದುರಿಗೆ ಕುಳಿತು ಊಟ ಮಾಡಿದಳು.

ಅಲ್ಲಿಂದ ಮುಂದೆ ವಾರವಾರವೂ ಹೋದೆನು. 2024ರಲ್ಲಿ ಆಕೆಯು ಲಿಂಗೈಕ್ಯಳಾದಳು. ಈಗ ನನ್ನ ಜಂಗಮವಾಣಿಯಲ್ಲಿ ಆಕೆಯ ಎಷ್ಟೋ ಚಿತ್ರಗಳಿವೆ; ಎಲ್ಲವೂ ಮರೆವಿನ ವರ್ಷಗಳವು. ಆಕೆಗೆ ಬೀಸುವ ಪದಗಳೂ ಸೋಬಾನೆಯ ಪದಗಳೂ ರಾಶಿರಾಶಿಯಾಗಿ ಬರುತ್ತಿದ್ದವು. ಅವನ್ನು ಹಾಡುತ್ತಿದ್ದ ದಿನಗಳಲ್ಲಿಯೂ ನನ್ನ ಕೈಯಲ್ಲಿ ಯಂತ್ರವಿತ್ತು. ಒಂದು ಪದವನ್ನಾದರೂ ಹಿಡಿದಿಡಬೇಕೆಂದು ನನಗೆ ತೋರಲಿಲ್ಲ. ಇದನ್ನು ನೆನೆದಾಗಲೆಲ್ಲ ಆಗುವ ಸಂಕಟವನ್ನು ನಿಮ್ಮಲ್ಲಿ ಯಾರೂ ಪಡಬಾರದೆಂದೇ ಇದನ್ನು ಸಭೆಯಲ್ಲಿ ಹೇಳುತ್ತಿರುವೆನು.

ಯಂತ್ರಗಳು ಇನ್ನೂ ಮುಂದಕ್ಕೆ ಹೋಗಿವೆ. ಸೀಲ್ ಎಂಬ ಕಡಲಪ್ರಾಣಿಯ ಮರಿಯ ರೂಪದ, ನೇವರಿಸಿದರೆ ಕಣ್ಣುಮಿಟುಕಿಸಿ ದನಿಗೈಯುವ ಪಾರೊ ಎಂಬ ಯಂತ್ರವನ್ನು ಜಪಾನಿನಲ್ಲಿ ರಚಿಸಿ, ಅನೇಕ ದೇಶಗಳ ಆರೈಕೆಯ ಮನೆಗಳಲ್ಲಿ ವೃದ್ಧರ ಮಡಿಲಿಗೆ ಕೊಟ್ಟಿದ್ದಾರೆ. ಅದರಿಂದ ತಳಮಳವು ತಗ್ಗಿದವರಿದ್ದಾರೆಂದು ಹೇಳುವರು. ನಾನು ಅದನ್ನು ಹಳಿಯೆನು. ಆದರೆ ಮಡಿಲಿನಲ್ಲಿ ಯಂತ್ರವಿದೆಯೆಂದು ಮೊಮ್ಮಗಳನ್ನು ಕರೆದೊಯ್ಯುವುದನ್ನು ಬಿಟ್ಟರೆ, ನನ್ನ ತಪ್ಪನ್ನೇ ಇನ್ನೊಂದು ರೂಪದಲ್ಲಿ ಮಾಡಿದಂತಾಗುವುದು. ಕೋಣೆಯಲ್ಲಿ ಕ್ಯಾಮೆರಾ ಇಡುವ ವಿಚಾರವೂ ಹಾಗೆಯೇ. ಬಿದ್ದರೆ ತಿಳಿಯಲೆಂದು ಇಡುವುದು ಬೇರೆ, ಬಟ್ಟೆ ಬದಲಿಸುವ ಸ್ಥಳದಲ್ಲಿ ಇಡುವುದು ಬೇರೆ. ಬುದ್ಧಿಯು ಸ್ಪಷ್ಟವಾಗಿರುವಾಗಲೇ ಅವರ ಒಪ್ಪಿಗೆಯನ್ನು ಕೇಳಿಕೊಳ್ಳತಕ್ಕದ್ದು. ಇನ್ನು, ಮರೆಯುವವರ ಕೈಯಲ್ಲಿ ಬ್ಯಾಂಕಿನ ವ್ಯವಹಾರವಿರುವ ಫೋನನ್ನು ಬಿಡುವುದು ಅಪಾಯಕರ. ಪೊಲೀಸರೆಂದು ಹೇಳಿ ಬೆದರಿಸಿ ಹಣ ಕೀಳುವ ವಂಚಕರು ವೃದ್ಧರನ್ನೇ ಹುಡುಕುವರು. ಅಂತಹ ಮೋಸವಾದರೆ ತಡಮಾಡದೆ 1930 ಎಂಬ ಸಂಖ್ಯೆಗೂ, ವೃದ್ಧರ ಬೇರೆ ಸಂಕಟಗಳಿಗೆ 14567 ಎಂಬ ಸಹಾಯವಾಣಿಗೂ ಕರೆಮಾಡಬಹುದೆಂಬುದನ್ನು ಎಲ್ಲರೂ ತಿಳಿದಿರಬೇಕು.

ಕೊನೆಯದಾಗಿ, ಈ ಮಹೋತ್ಸವದ ನೆನಪಿಗಾಗಿ ಭಕ್ತರು ಕೈಗೊಳ್ಳಬಹುದಾದ ಮೂರು ಸಣ್ಣ ವ್ರತಗಳನ್ನು ವಿಜ್ಞಾಪಿಸಿಕೊಳ್ಳುವೆನು.

ಮೊದಲನೆಯದು, ನಿಮ್ಮ ಮನೆಯ ಹಿರಿಯರ ಮಾತು ಇನ್ನೂ ಸ್ಪಷ್ಟವಾಗಿರುವಾಗಲೇ, ಅವರ ಅನುಮತಿ ಪಡೆದು, ಅವರ ಧ್ವನಿಯನ್ನು ಜಂಗಮವಾಣಿಯಲ್ಲಿ ಹಿಡಿದಿಡಿರಿ. ದೊಡ್ಡ ಚರಿತ್ರೆಯು ಬೇಕಾಗಿಲ್ಲ. ಹಾಡು, ಅಡುಗೆ, ಹೊಲಗಳ ಹೆಸರು, ಎತ್ತುಗಳ ಹೆಸರು ಸಾಕು. ಮುಂದೆ ಅವರಿಗೇ ಅದು ದಾರಿ ತೋರುವುದು.

ಎರಡನೆಯದು, ಹಿರಿಯರನ್ನು ಆರೈಕೆಯ ಮನೆಗೆ ಸೇರಿಸಬೇಕಾಗಿ ಬಂದರೆ, ಔಷಧದ ಚೀಟಿಯ ಜೊತೆಗೆ ನೆನಪಿನ ಚೀಟಿಯೊಂದನ್ನೂ ಬರೆದುಕೊಡಿರಿ. ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಯಾವ ಕೆಲಸ ಮಾಡಿದವರು, ಯಾವ ಸದ್ದಿಗೆ ಹೆದರುವರು, ಯಾವ ಪದಕ್ಕೆ ತಲೆದೂಗುವರು, ಪೂಜೆಯ ಹೊತ್ತು ಯಾವುದು ಎಂಬುದೆಲ್ಲವೂ ಅದರಲ್ಲಿರಲಿ. ನನ್ನ ತಾಯಿಯನ್ನು ಮೊದಲ ವಾರ ಸ್ನಾನ ಮಾಡಿಸಿದಾಗ ಕೊರಳಿನ ಕರಡಿಗೆಯನ್ನು ತೆಗೆದು ಕಪಾಟಿನಲ್ಲಿ ಭದ್ರವಾಗಿ ಇಟ್ಟುಬಿಟ್ಟರು. ಎರಡು ದಿನ ಆಕೆಯು ಎದೆಯನ್ನು ಮುಟ್ಟಿಮುಟ್ಟಿ ನೋಡಿಕೊಳ್ಳುತ್ತಾ ಹಟಮಾಡಿದಳಂತೆ. ರೋಗವು ಉಲ್ಬಣಿಸಿತೆಂದು ಅವರು ತಿಳಿದರು. ತಪ್ಪು ಅವರದಲ್ಲ. ನಾವು ಬರೆದುಕೊಟ್ಟಿರಲಿಲ್ಲ.

ಮೂರನೆಯದು, ಕರೆ ಮಾಡುವಾಗ ಪರೀಕ್ಷೆ ಮಾಡಬೇಡಿರಿ. "ನಾನು ಯಾರು" ಎಂದು ಕೇಳುವ ಬದಲು, "ಅವ್ವಾ, ನಾನು ನಿನ್ನ ಮಗ ಬಂದೀನಿ" ಎಂದು ನೀವೇ ಹೇಳಿರಿ. ಅಲ್ಲಿ ಪಕ್ಕದಲ್ಲಿ ಒಬ್ಬರು ಕುಳಿತಿರುವಂತೆ ಏರ್ಪಾಡು ಮಾಡಿರಿ. ಕರೆಯನ್ನು ಮುಗಿಸುವಾಗ ಎಂದು ಬರುವಿರೆಂಬುದನ್ನು ನಿಶ್ಚಯಿಸಿ ಹೇಳಿ, ಆ ದಿನ ಹೋಗಿರಿ. ನಮ್ಮ ಯುವಕ ಸಂಘದವರೂ ಅಕ್ಕನ ಬಳಗದವರೂ ಸರದಿಯ ಮೇಲೆ ಸಮೀಪದ ವೃದ್ಧಾಶ್ರಮಗಳಿಗೆ ಹೋಗಿ, ಮಕ್ಕಳು ದೂರದಲ್ಲಿರುವವರ ಬಳಿ ವಾರಕ್ಕೊಂದು ಗಂಟೆ ಕುಳಿತು ಬರುವುದಾದರೆ, ಅದಕ್ಕೆ ಹಣವೂ ಬೇಕಿಲ್ಲ, ಕಟ್ಟಡವೂ ಬೇಕಿಲ್ಲ. ಕೈಯಲ್ಲಿರುವ ಯಂತ್ರವನ್ನು ಜೊತೆಗೆ ಒಯ್ಯಲಿ; ಹಳೆಯ ಪದ, ಜಾತ್ರೆಯ ಡೊಳ್ಳು, ಕೆರೆಯ ಹಕ್ಕಿಗಳ ಸದ್ದನ್ನು ಕೇಳಿಸಲಿ. ವಾಣಿಯೂ ಬರಲಿ, ಜಂಗಮನೂ ಬರಲಿ.

ನಮ್ಮ ಕೆರೆಗೆ ಈ ವರ್ಷದ ಮಳೆಯೊಡನೆಯೂ ಹಕ್ಕಿಗಳು ಬರುವುವು. ಬಂದಾಗ ಒಮ್ಮೆ ಏರಿಯ ಮೇಲೆ ನಿಂತು ಕೇಳಿರಿ. ಕೇಳಿದುದನ್ನು ನಿಮ್ಮ ಹಿರಿಯರಿದ್ದಲ್ಲಿಗೆ ಕೊಂಡುಹೋಗಿರಿ.